400 ಮೀಟರ್ ಓಟದ ಕೊನೇಲಿ ಕಾಲು ಕಲ್ಲಾಗೋದು ಯಾಕೆ? ಲ್ಯಾಕ್ಟಿಕ್ ಆಸಿಡ್ ಮೇಲೆ ಬಂದಿರೋ ಹಳೇ ಅಪವಾದ

ಪ್ರಶ್ನೆ: ಮೇಡಂ, ನಾನು ಹಾಸನ ಜಿಲ್ಲೆಯವಳು, ಸೆಕೆಂಡ್ ಪಿಯುಸಿ ಸೈನ್ಸ್, 400 ಮೀಟರ್ ಓಡ್ತೀನಿ. 200 ಮೀಟರ್ ಬೆಸ್ಟ್ 27.5 ಸೆಕೆಂಡ್ ಇದೆ ಆದ್ರೆ 400 ಮಾತ್ರ 62ರಿಂದ ಕೆಳಗೆ ಇಳೀತಾನೇ ಇಲ್ಲ. ಮೊದಲ 200 ಅನ್ನ 28ರಲ್ಲಿ ಮುಗಿಸ್ತೀನಿ, ಕೊನೇ 100ಕ್ಕೆ ಬರೋ ಹೊತ್ತಿಗೆ ಕಾಲು ಕಲ್ಲಾಗುತ್ತೆ, ಎತ್ತಕ್ಕೇ ಆಗಲ್ಲ. ನಮ್ಮ ಪಿಟಿ ಸರ್ ಲ್ಯಾಕ್ಟಿಕ್ ಆಸಿಡ್ ತುಂಬ್ಕೊಂಡಿದೆ ಅಂತಾರೆ, ಮಾರನೇ ದಿನ ತೊಡೆ ನೋವು ಬಂದ್ರೂ ಅದೇ ಆಸಿಡ್, ತಿಕ್ಕಿಸ್ಕೊಂಡು ಹೊರಗೆ ಹಾಕು ಅಂತಾರೆ ಸೀನಿಯರ್ಸ್. ಫಸ್ಟ್ ಪಿಯುಸಿ ಬಯಾಲಜಿಲಿ ಆಕ್ಸಿಜನ್ ಸಾಲದಾಗ ಮಸಲ್‌ನಲ್ಲಿ ಲ್ಯಾಕ್ಟಿಕ್ ಆಸಿಡ್ ಆಗುತ್ತೆ ಅಂತ ಓದಿದ್ದೆ, ಆದ್ರೆ ಓಡೋವಾಗ ಅಷ್ಟು ಜೋರಾಗಿ ಉಸಿರಾಡ್ತಿರ್ತೀನಲ್ಲ, ಆಕ್ಸಿಜನ್ ಇಲ್ಲ ಅಂದ್ರೆ ಹೇಗೆ? ದಮ್ಮು ಬರ್ಲಿ ಅಂತ ಬೆಳಿಗ್ಗೆ ದೂರ ಓಡಿದ್ರೆ ಸ್ಪೀಡ್ ಹೋಗುತ್ತೆ ಅಂತಾರೆ ನಿಜಾನಾ? ಫ್ರೆಂಡ್ ಒಬ್ಬಳು ಕ್ರಿಯಾಟಿನ್ ತಗೋ ಅಂತಿದಾಳೆ. ಇನ್ನು ಮೂರು ವಾರಕ್ಕೆ ಡಿಸ್ಟ್ರಿಕ್ಟ್ ಮೀಟ್ ಇದೆ.

ಉತ್ತರ: ನೋಡಮ್ಮ, ನನ್ನ ಮಗಳಿಗಿಂತ ಚಿಕ್ಕವಳು ನೀನು, ಅದಕ್ಕೇ ಏಕವಚನದಲ್ಲೇ ಬರೀತೀನಿ. ನಾನೂ ಯೂನಿವರ್ಸಿಟಿ ಲೆವೆಲ್‌ನಲ್ಲಿ 400 ಓಡಿದವಳು, ಆಮೇಲೆ ಇಪ್ಪತ್ತು ವರ್ಷದಿಂದ ವ್ಯಾಯಾಮ ಮಾಡೋವಾಗ ದೇಹದೊಳಗೆ ಏನಾಗುತ್ತೆ ಅನ್ನೋದನ್ನೇ ಪಾಠ ಮಾಡ್ಕೊಂಡು ಬಂದಿದೀನಿ. ಆ ಕಲ್ಲಾದ ಕಾಲು ನನಗೆ ಪುಸ್ತಕದಿಂದ ಗೊತ್ತಿರೋದಲ್ಲ, ಒಂದ್ಸಲ ಫಿನಿಶ್ ಲೈನ್ ದಾಟಿದವಳು ನೆಟ್ಟಗೆ ನಿಲ್ಲಕ್ಕಾಗದೆ ಟ್ರ್ಯಾಕ್ ಪಕ್ಕದ ಹುಲ್ಲಲ್ಲಿ ಕೂತು ವಾಂತಿ ಮಾಡ್ಕೊಂಡಿದ್ದೆ. ನೀನು ಕೇಳಿರೋದರಲ್ಲಿ ನನಗೆ ತುಂಬಾ ಖುಷಿ ಆಗಿದ್ದು ಆ ಉಸಿರಿನ ಪ್ರಶ್ನೆ, ಅದರಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಿನ್ನ 62 ಸೆಕೆಂಡಿನ ಗಂಟು ಇರೋದೂ ಅಲ್ಲೇ.

ಅನೇರೋಬಿಕ್ ಅನ್ನೋ ಪದಕ್ಕೆ ಆಕ್ಸಿಜನ್ ಇಲ್ಲದೆ ಅಂತ ಅರ್ಥ ಹೇಳ್ತೀವಿ, ಅದನ್ನ ಕೇಳಿದವರು ಮಸಲ್‌ನಲ್ಲಿ ಗಾಳಿಯೇ ಖಾಲಿ ಆಗಿಹೋಗಿದೆ ಅಂದ್ಕೋತಾರೆ. ಹಾಗಲ್ಲ. ನೀನು ಓಡೋವಾಗ ರಕ್ತದಲ್ಲಿ ಆಕ್ಸಿಜನ್ ಇರುತ್ತೆ, ಮಸಲ್‌ಗೂ ಹೋಗ್ತಾನೇ ಇರುತ್ತೆ, ಆದ್ರೆ ಗನ್ ಹೊಡೆದ ತಕ್ಷಣ ನಿನ್ನ ತೊಡೆಗೆ ಬೇಕಾಗೋ ಎನರ್ಜಿ ಒಂದೇ ಏಟಿಗೆ ಎಷ್ಟೋ ಪಟ್ಟು ಏರುತ್ತಲ್ಲ, ಅಷ್ಟು ಬೇಗ ಹಾರ್ಟು, ಶ್ವಾಸಕೋಶ, ರಕ್ತನಾಳ ಎಲ್ಲಾ ಸೇರಿ ಸಪ್ಲೈ ಏರಿಸಕ್ಕಾಗಲ್ಲ, ಅದಕ್ಕೆ ಸ್ವಲ್ಪ ಟೈಮ್ ಹಿಡಿಯುತ್ತೆ. ಅದಲ್ಲದೆ ಆಕ್ಸಿಜನ್ ಎಷ್ಟೇ ಇದ್ರೂ ಆ ದಾರೀಲಿ ಎನರ್ಜಿ ಹೊರಬರೋದೇ ನಿಧಾನ. ಅದಕ್ಕೆ ದೇಹ ಆಕ್ಸಿಜನ್‌ಗೆ ಕಾಯದೇ ಕೆಲಸ ಶುರು ಮಾಡೋ ಎರಡು ದಾರಿ ಇಟ್ಕೊಂಡಿದೆ. ಆಕ್ಸಿಜನ್ ಇಲ್ಲದೆ ಅನ್ನೋದಕ್ಕಿಂತ ಆಕ್ಸಿಜನ್‌ಗೆ ಕಾಯದೆ ಅಂತ ಓದ್ಕೋ, ಅರ್ಧ ಗೊಂದಲ ಹೋಗುತ್ತೆ.

ಈಗ ಎಟಿಪಿ. ಮಸಲ್ ಎಳೆಯಕ್ಕೆ ಬೇಕಿರೋ ದುಡಿಮೆ ಎಲ್ಲಾ ಈ ಒಂದು ಅಣುವಿಂದಲೇ ಆಗೋದು, ಆದ್ರೆ ಅದರ ಸ್ಟಾಕ್ ನೋಡಿದ್ರೆ ಆಶ್ಚರ್ಯ ಆಗುತ್ತೆ, ಇಡೀ ದೇಹದಲ್ಲಿ ಒಂದು ಹೊತ್ತಿಗೆ ಇರೋದು 100 ಗ್ರಾಂ ಕೂಡ ಆಗಲ್ಲ. ಪೂರ್ತಿ ಜೋರಲ್ಲಿ ಓಡಿದ್ರೆ ಎರಡು ಸೆಕೆಂಡಿನ ಆಸುಪಾಸಿಗೇ ಮುಗೀಬೇಕು. ಮುಗಿಯಲ್ಲ ಯಾಕೆ? ಸ್ನಾನ ಮಾಡೋ ಚೊಂಬು ಇದ್ದ ಹಾಗೆ ಅದು. ಚೊಂಬಲ್ಲಿ ಹಿಡಿಯೋ ನೀರು ಕಮ್ಮಿ, ಆದ್ರೆ ಅದೇ ಚೊಂಬನ್ನ ಅದ್ದಿ ಅದ್ದಿ ಸುರ್ಕೊಂಡು ಇಡೀ ಸ್ನಾನ ಮುಗಿಸ್ತೀವಲ್ಲ, ಹಾಗೆ ಎಟಿಪಿ ಮುರಿದು ಎಡಿಪಿ ಆಗುತ್ತೆ, ಮತ್ತೆ ತುಂಬ್ಕೊಂಡು ಎಟಿಪಿ ಆಗುತ್ತೆ. ಪ್ರಶ್ನೆ ಏನಿದ್ರೂ ಚೊಂಬು ತುಂಬೋ ನೀರು ಎಲ್ಲಿಂದ ಬರುತ್ತೆ ಅನ್ನೋದು.

ಕೈಗೆ ಸಿಗೋ ಬಕೆಟ್ ಅಂದ್ರೆ ಫಾಸ್ಫೋಕ್ರಿಯಾಟಿನ್. ಇದು ಮಸಲ್ ಒಳಗೇ ಇರುತ್ತೆ, ಎಟಿಪಿಗಿಂತ ಮೂರು ನಾಲ್ಕು ಪಟ್ಟು ಜಾಸ್ತಿ, ಒಂದೇ ಒಂದು ಹೆಜ್ಜೆಯ ರಿಯಾಕ್ಷನ್, ಕ್ರಿಯಾಟಿನ್ ಕೈನೇಸ್ ಅನ್ನೋ ಎಂಜೈಮ್ ಫಾಸ್ಫೇಟ್ ಅನ್ನ ಕಿತ್ತು ಎಡಿಪಿಗೆ ಅಂಟಿಸಿಬಿಡುತ್ತೆ, ಇದಕ್ಕಿಂತ ಫಾಸ್ಟ್ ದಾರಿ ದೇಹದಲ್ಲಿ ಇನ್ನೊಂದಿಲ್ಲ. ಇದನ್ನ ಕಂಡುಹಿಡಿದವರಲ್ಲಿ ಒಬ್ಬರು ನಮ್ಮ ಪಕ್ಕದ ಆಂಧ್ರದವರು ಅಂತ ನಿನಗೆ ಯಾರಾದ್ರೂ ಹೇಳಿದಾರಾ? ಭೀಮಾವರದಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್, ಅಮೆರಿಕದ ಹಾರ್ವರ್ಡ್ ಮೆಡಿಕಲ್ ಸ್ಕೂಲ್‌ನಲ್ಲಿ ಸೈರಸ್ ಫಿಸ್ಕ್ ಅನ್ನೋರ ಜೊತೆ 1927ರಲ್ಲಿ ಇದನ್ನ ಪ್ರಕಟಿಸಿದ್ರು. ಎಟಿಪಿ ಕೂಡ 1929ರಲ್ಲಿ ಜರ್ಮನಿಯ ಕಾರ್ಲ್ ಲೋಹ್ಮನ್ ಒಂದು ಕಡೆ, ಇವರಿಬ್ಬರು ಇನ್ನೊಂದು ಕಡೆ ಬೇರೆಬೇರೆಯಾಗಿ ಕಂಡ್ಕೊಂಡಿದ್ದು. ಸ್ಪ್ರಿಂಟ್ ಓಡೋ ಪ್ರತಿ ಮಗುವಿಗೂ ಗೊತ್ತಿರಬೇಕಾದ ಹೆಸರು ಅಂತ ನನಗೆ ಅನ್ಸುತ್ತೆ, ಕ್ಲಾಸಲ್ಲಿ ಈ ಪಾಠ ಬಂದಾಗೆಲ್ಲ ನಾನು ಮೊದಲು ಅವರ ಹೆಸರನ್ನೇ ಬೋರ್ಡ್ ಮೇಲೆ ಬರೆಯೋದು.

ಈ ಬಕೆಟ್ ಪೂರ್ತಿ ಸ್ಪೀಡಲ್ಲಿ ಎಂಟು ಹತ್ತು ಸೆಕೆಂಡಿಗೆ ತಳ ಕಾಣಕ್ಕೆ ಶುರು ಆಗುತ್ತೆ. 400 ಓಡೋರ ಮಸಲ್ ಪರೀಕ್ಷೆ ಮಾಡಿ ನೋಡಿದಾಗ ಮೊದಲ 100 ಮೀಟರ್‌ಗೇ ಸುಮಾರು ಅರ್ಧ ಖರ್ಚಾಗಿರೋದು ಗೊತ್ತಾಗಿದೆ. ತುಂಬೋದೂ ಬೇಗನೇ, ನಿಂತು ಸುಧಾರಿಸ್ಕೊಂಡ್ರೆ ಅರ್ಧ ನಿಮಿಷದಲ್ಲಿ ಅರ್ಧದಷ್ಟು, ಮೂರರಿಂದ ಐದು ನಿಮಿಷದಲ್ಲಿ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಬರುತ್ತೆ, ಆದ್ರೆ ಹಾಗೆ ತುಂಬಕ್ಕೆ ಆಕ್ಸಿಜನ್ ಬೇಕೇ ಬೇಕು. ಸೈಕಲ್ ತುಳಿದು ಸುಸ್ತಾದವರ ತೊಡೆಗೆ ಬಿಗಿಯಾಗಿ ಪಟ್ಟಿ ಕಟ್ಟಿ ರಕ್ತ ಹೋಗದ ಹಾಗೆ ಮಾಡಿ ನೋಡಿದಾರೆ, ಫಾಸ್ಫೋಕ್ರಿಯಾಟಿನ್ ತುಂಬ್ಕೊಳ್ಳಲೇ ಇಲ್ಲ. ಈ ಮಾತನ್ನ ನೆನಪಲ್ಲಿಟ್ಕೋ, ದೂರ ಓಡೋ ಪ್ರಶ್ನೆಗೆ ಬಂದಾಗ ಬೇಕಾಗುತ್ತೆ.

ಎರಡನೇ ದಾರಿ ಗ್ಲೈಕಾಲಿಸಿಸ್, ಅಂದ್ರೆ ಆಕ್ಸಿಜನ್‌ಗೆ ಕಾಯದೆ ಗ್ಲುಕೋಸ್ ಒಡೆಯೋದು. ಚಾರ್ಟ್‌ಗಳಲ್ಲಿ ಮೊದಲ ಹತ್ತು ಸೆಕೆಂಡ್ ಫಾಸ್ಫೋಕ್ರಿಯಾಟಿನ್, ಅದು ಮುಗಿದ ಮೇಲೆ ಗ್ಲೈಕಾಲಿಸಿಸ್, ಆಮೇಲೆ ಆಕ್ಸಿಜನ್ ಅಂತ ರೈಲು ಬೋಗಿ ಥರ ಬರೆದಿರ್ತಾರೆ, ಅದು ತಪ್ಪು. ಮೂರೂ ಒಟ್ಟಿಗೇ ಶುರು ಆಗೋದು, ಯಾವ ಹೊತ್ತಲ್ಲಿ ಯಾರದ್ದು ಜಾಸ್ತಿ ಅನ್ನೋದು ಮಾತ್ರ ಬದಲಾಗ್ತಾ ಹೋಗುತ್ತೆ. ಬರೀ 6 ಸೆಕೆಂಡಿನ ಸ್ಪ್ರಿಂಟಲ್ಲೂ ಆಕ್ಸಿಜನ್‌ಗೆ ಕಾಯದೆ ಬಂದ ಎನರ್ಜೀಲಿ ಅರ್ಧದ ಹತ್ತಿರ ಗ್ಲೈಕಾಲಿಸಿಸ್‌ದೇ ಇರುತ್ತೆ. 2020ರ ಫೆಬ್ರವರಿಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡ್ರು 142.5 ಮೀಟರ್ ಅನ್ನ 13.62 ಸೆಕೆಂಡಿಗೆ ಓಡಿದ್ದು ದೇಶ ಎಲ್ಲಾ ಸುದ್ದಿ ಆಯ್ತಲ್ಲ, ಕೋಣಗಳು ಮುಂದೆ ಎಳೀತಿರೋದರಿಂದ ಅದನ್ನ ಟ್ರ್ಯಾಕ್ ಓಟಕ್ಕೆ ಹೋಲಿಸೋದು ಸರಿಯಲ್ಲ ಅನ್ನೋದು ಬೇರೆ ಮಾತು, ಆದ್ರೆ ಕೆಸರಲ್ಲಿ ಹದಿಮೂರು ಸೆಕೆಂಡ್ ಹಾಗೆ ಕಾಲು ಕಿತ್ತು ಕಿತ್ತು ಇಡಬೇಕಾದ್ರೆ ಈ ಎರಡೂ ದಾರಿ ಬಾಗಿಲು ಪೂರ್ತಿ ತೆಗೆದಿರಲೇಬೇಕು. ನಿನ್ನ ಓಟಕ್ಕೆ ಹಿಡಿಯೋ ಸಮಯ ಅದರ ನಾಲ್ಕೂವರೆ ಪಟ್ಟು, ಆದ್ದರಿಂದ ಕಥೆ ಬೇರೆ ಆಗುತ್ತೆ.

ಗ್ಲೈಕಾಲಿಸಿಸ್‌ನಲ್ಲಿ ಏನಾಗುತ್ತೆ ಅಂದ್ರೆ ಮಸಲ್‌ನಲ್ಲಿ ಗ್ಲುಕೋಸ್ ಸರಪಳಿಯಾಗಿ ಕೂಡಿಟ್ಟಿರೋ ಗ್ಲೈಕೋಜನ್ ಒಡೆದು ಪೈರುವೇಟ್ ಆಗುತ್ತೆ, ಒಂದೊಂದು ಗ್ಲುಕೋಸ್ ತುಂಡಿಗೆ 3 ಎಟಿಪಿ ಸಿಗುತ್ತೆ, ರಕ್ತದಿಂದ ಬಂದ ಗ್ಲುಕೋಸ್ ಆದ್ರೆ 2. ಅದೇ ಗ್ಲುಕೋಸ್ ಅನ್ನ ಸೆಲ್ ಒಳಗಿನ ಎನರ್ಜಿ ಮನೆ ಆದ ಮೈಟೋಕಾಂಡ್ರಿಯಾದಲ್ಲಿ ಆಕ್ಸಿಜನ್ ಜೊತೆ ಪೂರ್ತಿ ಉರಿಸಿದ್ರೆ 30ರಿಂದ 32 ಬರುತ್ತೆ (ನಿನ್ನ ಪುಸ್ತಕದಲ್ಲಿ 38 ಅಂತಿದೆ, ಪರೀಕ್ಷೆಗೆ ಅದನ್ನೇ ಬರಿ, ಈಗಿನ ಲೆಕ್ಕ ಇದು). ಎಷ್ಟು ಪೋಲು ಅನ್ಸುತ್ತೆ ಅಲ್ವಾ? ಆದ್ರೆ ಓಡೋವಾಗ ಬೇಕಾಗಿರೋದು ಮಿತವ್ಯಯ ಅಲ್ಲ, ವೇಗ. ಒಂದು ಸೆಕೆಂಡಿಗೆ ಎಷ್ಟು ಎಟಿಪಿ ಕೈಗೆ ಬರುತ್ತೆ ಅನ್ನೋದರಲ್ಲಿ ಗ್ಲೈಕಾಲಿಸಿಸ್ ಆಕ್ಸಿಜನ್ ದಾರಿಯನ್ನ ಸುಲಭವಾಗಿ ಹಿಂದೆ ಹಾಕುತ್ತೆ.

ಆದ್ರೆ ಇದಕ್ಕೊಂದು ತೊಡಕಿದೆ, ಲ್ಯಾಕ್ಟೇಟ್ (ಲ್ಯಾಕ್ಟಿಕ್ ಆಸಿಡ್ ನಮ್ಮ ದೇಹದಲ್ಲಿ ಇರೋ ರೂಪ) ಹುಟ್ಟೋದೇ ಆ ತೊಡಕನ್ನ ಬಿಡಿಸಕ್ಕೆ. ಕಬ್ಬಿನ ಸೀಸನ್‌ನಲ್ಲಿ ಮಂಡ್ಯ ಕಡೆ ಸಕ್ಕರೆ ಫ್ಯಾಕ್ಟರಿ ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಿರೋದನ್ನ ನೋಡಿರ್ತೀಯ. ಗದ್ದೇಲಿ ಕಬ್ಬು ಕಡೀತಾ ಇರಬೇಕು ಅಂದ್ರೆ ಖಾಲಿ ಗಾಡಿ ವಾಪಸ್ ಬರ್ತಾ ಇರಬೇಕು, ಫ್ಯಾಕ್ಟರಿ ಅರೆಯೋದು ನಿಧಾನ ಆದ್ರೆ ಗಾಡಿಗಳೆಲ್ಲ ಗೇಟ್ ಹತ್ರ ಸಿಕ್ಕಾಕ್ಕೊಂಡು ಇಲ್ಲಿ ಗದ್ದೇಲಿ ಕೆಲಸ ನಿಂತುಹೋಗುತ್ತೆ. ಗ್ಲೈಕಾಲಿಸಿಸ್‌ನಲ್ಲಿ ಈ ಗಾಡಿಯ ಹೆಸರು ಎನ್‌ಎಡಿ. ಗ್ಲುಕೋಸ್ ಒಡೆಯೋವಾಗ ಬರೋ ಹೈಡ್ರೋಜನ್ ಅನ್ನ ಅದು ಹೊತ್ಕೊಂಡು ಹೋಗುತ್ತೆ, ಫ್ಯಾಕ್ಟರಿ ಅಂದ್ರೆ ಮೈಟೋಕಾಂಡ್ರಿಯಾ, ಅಲ್ಲಿ ಆ ಲೋಡ್ ಇಳೀಬೇಕು. ಪೂರ್ತಿ ಜೋರಲ್ಲಿ ಓಡೋವಾಗ ಫ್ಯಾಕ್ಟರಿ ತಗೊಳ್ಳೋದಕ್ಕಿಂತ ಬೇಗ ಲೋಡ್ ಬರ್ತಾ ಇರುತ್ತೆ. ಆಗ ಪೈರುವೇಟ್ ಏನು ಮಾಡುತ್ತೆ ಅಂದ್ರೆ ಬಾ ಇಲ್ಲೇ ಇಳಿಸು ಅಂತ ಆ ಹೈಡ್ರೋಜನ್ ಅನ್ನ ತಾನೇ ತಗೊಳ್ಳುತ್ತೆ, ತಗೊಂಡ ಪೈರುವೇಟ್‌ಗೇ ಲ್ಯಾಕ್ಟೇಟ್ ಅಂತ ಹೆಸರು. ಗಾಡಿ ಖಾಲಿ ಆಯ್ತು, ಗದ್ದೆಗೆ ವಾಪಸ್ ಹೋಯ್ತು, ಕಟಾವು ಮುಂದುವರೀತು. ಅರ್ಥ ಆಯ್ತಾ, ಲ್ಯಾಕ್ಟೇಟ್ ಆಗದೇ ಇದ್ದಿದ್ರೆ ನೀನು 300 ಮೀಟರ್ ತನಕ ಬರ್ತಾನೇ ಇರಲಿಲ್ಲ, ಬಹಳ ಮುಂಚೇನೇ ನಿಂತುಹೋಗ್ತಿದ್ದೆ. ಮನೇಲಿ ಹಾಲು ಹೆಪ್ಪಾಗೋವಾಗ ಮೊಸರಿನ ಬ್ಯಾಕ್ಟೀರಿಯಾ ಮಾಡೋದೂ ಇದೇ ಉಪಾಯ.

ಮತ್ತೆ ಕೆಟ್ಟ ಹೆಸರು ಹೇಗೆ ಬಂತು? ಹುಳಿಯಾದ ಹಾಲಲ್ಲಿ ಇದನ್ನ ಮೊದಲು ಬೇರ್ಪಡಿಸಿದ್ದು ಸ್ವೀಡನ್‌ನ ಕೆಮಿಸ್ಟ್ ಶೀಲೆ, 1780ರಲ್ಲಿ. ಆಮೇಲೆ 1907ರಲ್ಲಿ ಕೇಂಬ್ರಿಜ್‌ನಲ್ಲಿ ಫ್ಲೆಚರ್ ಮತ್ತು ಹಾಪ್ಕಿನ್ಸ್ ಅನ್ನೋರು ಕಪ್ಪೆಯ ಮಸಲ್ ಅನ್ನ ದಣಿಸಿ ನೋಡಿದಾಗ ಲ್ಯಾಕ್ಟಿಕ್ ಆಸಿಡ್ ಏರಿತ್ತು, ಆಕ್ಸಿಜನ್ ಕೊಟ್ಟಾಗ ಇಳೀತು. ಹಿಲ್ ಮತ್ತು ಮೇಯರ್ಹಾಫ್ ಅನ್ನೋ ವಿಜ್ಞಾನಿಗಳು ಈ ದಾರಿಯನ್ನ ಇನ್ನೂ ಮುಂದೆ ಒಯ್ದು 1922ರ ನೊಬೆಲ್ ಹಂಚ್ಕೊಂಡ್ರು. ಎಲ್ಲಾ ದೊಡ್ಡ ಕೆಲಸವೇ, ಆದ್ರೆ ದಣಿವು ಬಂದಾಗ ಅಲ್ಲಿ ಲ್ಯಾಕ್ಟಿಕ್ ಆಸಿಡ್ ಇತ್ತು ಅನ್ನೋದು ಜನರ ಬಾಯಲ್ಲಿ ಲ್ಯಾಕ್ಟಿಕ್ ಆಸಿಡ್‌ನಿಂದಲೇ ದಣಿವು ಬಂತು ಅಂತ ಆಗೋಯ್ತು. ಬೆಂಕಿ ಬಿದ್ದ ಕಡೆಗೆಲ್ಲಾ ಫೈರ್ ಎಂಜಿನ್ ಇರುತ್ತೆ, ಬೆಂಕಿ ಹಚ್ಚಿದ್ದೇ ಅದು ಅನ್ನಕ್ಕಾಗುತ್ತಾ? 1930ರಲ್ಲಿ ಡೆನ್ಮಾರ್ಕಿನ ಲುಂಡ್ಸ್‌ಗಾರ್ಡ್ ಅನ್ನೋರು ಅಯೋಡೋಅಸಿಟೇಟ್ ಅನ್ನೋ ವಿಷ ಹಾಕಿ ಲ್ಯಾಕ್ಟಿಕ್ ಆಸಿಡ್ ಆಗದೇ ಇರೋ ಹಾಗೆ ಮಾಡಿದ ಕಪ್ಪೆ ಮಸಲ್ ಇಟ್ಕೊಂಡು ನೋಡಿದ್ರು, ಅದು ಸ್ವಲ್ಪ ಹೊತ್ತು ಎಳೀತು, ಆಮೇಲೆ ದಣಿದು ಬಿಗಿದುಕೊಳ್ತು, ಒಂದು ಚೂರೂ ಲ್ಯಾಕ್ಟಿಕ್ ಆಸಿಡ್ ಇಲ್ಲದೆ. ಮನುಷ್ಯರಲ್ಲೂ ಇಂಥ ಉದಾಹರಣೆ ಇದೆ, ಮೆಕಾರ್ಡಲ್ ಕಾಯಿಲೆ ಅಂತ, 1951ರಲ್ಲಿ ಮೊದಲು ವಿವರಿಸಿದ್ದು, ಹುಟ್ಟಿನಿಂದಲೇ ಮಸಲ್ ಗ್ಲೈಕೋಜನ್ ಒಡೆಯೋ ಎಂಜೈಮ್ ಇರಲ್ಲ, ಹಾಗಾಗಿ ವ್ಯಾಯಾಮ ಮಾಡಿದ್ರೆ ರಕ್ತದಲ್ಲಿ ಲ್ಯಾಕ್ಟೇಟ್ ಏರೋದೇ ಇಲ್ಲ. ಲ್ಯಾಕ್ಟಿಕ್ ಆಸಿಡ್ಡೇ ಕಳ್ಳ ಆಗಿದ್ರೆ ಅವರು ದಣಿಯದೇ ಓಡಬೇಕಿತ್ತು, ಆದ್ರೆ ಪಾಪ ಅವರಿಗೆ ಮೆಟ್ಟಿಲು ಹತ್ತಿದ್ರೂ ಮಸಲ್ ಹಿಡ್ಕೊಳ್ಳುತ್ತೆ.

ಹಾಗಾದ್ರೆ ನಿನ್ನ ಕಾಲು ಕಲ್ಲಾಗಿದ್ದು ಯಾಕೆ? ಒಂದೇ ಕಾರಣ ಅಲ್ಲ. ಫಾಸ್ಫೋಕ್ರಿಯಾಟಿನ್ ಮುರಿದಾಗೆಲ್ಲ ಒಂದೊಂದು ಫಾಸ್ಫೇಟ್ ಬಿಡುಗಡೆ ಆಗಿ ಒಳಗೇ ಸೇರ್ಕೊಳ್ತಾ ಹೋಗುತ್ತೆ, ಅದು ಮಸಲ್ ಎಳೆಗಳ ಹಿಡಿತವನ್ನೇ ಸಡಿಲ ಮಾಡುತ್ತೆ, ಎಳೀಬೇಕು ಅಂತ ಸಿಗ್ನಲ್ ಕೊಡೋ ಕ್ಯಾಲ್ಸಿಯಂ ಹೊರಬರೋದಕ್ಕೂ ಅಡ್ಡ ಬರುತ್ತೆ. ಪ್ರತಿ ಹೆಜ್ಜೆಗೂ ಪೊಟ್ಯಾಸಿಯಂ ಸೆಲ್‌ನಿಂದ ಆಚೆ ಸೋರಿ ಕರೆಂಟ್ ಹರಿಯೋದು ಮಂದ ಆಗುತ್ತೆ. ಹುಳಿ ಏರೋದೂ ನಿಜ, ಸುಮ್ಮನಿದ್ದಾಗ ಮಸಲ್‌ನ ಪಿಎಚ್ (ಹುಳಿ ಅಳೆಯೋ ಲೆಕ್ಕ, ಇಳಿದಷ್ಟೂ ಹುಳಿ ಜಾಸ್ತಿ) 7ರ ಹತ್ತಿರ ಇರೋದು 6.5ರ ಹತ್ತಿರಕ್ಕೆ ಇಳಿಯುತ್ತೆ, ಆ ಉರಿ, ಓಟ ಮುಗಿದ ಮೇಲಿನ ವಾಕರಿಕೆಗೆ ಅದರದ್ದೂ ಪಾಲಿದೆ. ಆದ್ರೆ ಪೈರುವೇಟ್ ಲ್ಯಾಕ್ಟೇಟ್ ಆಗೋ ಆ ಹೆಜ್ಜೆ ಮಾತ್ರ ಹುಳಿ ತರೋ ಹೈಡ್ರೋಜನ್ ಅಯಾನ್ ಒಂದನ್ನ ನುಂಗಿಕೊಳ್ಳುತ್ತೆ, ಹೆಚ್ಚಿಸಲ್ಲ. ನಮ್ಮ ದೇಹದ ಪಿಎಚ್‌ನಲ್ಲಿ ಅದು ಆಸಿಡ್ ರೂಪದಲ್ಲಿ ಇರೋದೇ ಇಲ್ಲ ಅನ್ನಬಹುದು, ಲ್ಯಾಕ್ಟೇಟ್ ಆಗೇ ಇರುತ್ತೆ, ಅದಕ್ಕೇ ನಾನು ಲ್ಯಾಕ್ಟೇಟ್ ಲ್ಯಾಕ್ಟೇಟ್ ಅಂತ ಬರೀತಿರೋದು.

ಇನ್ನೊಂದು ಮಾತು ಇದರ ಬಗ್ಗೆ, ಯಾಕಂದ್ರೆ ಇದು ಕಸ ಅಲ್ಲ ಅನ್ನೋದು ನಿನ್ನ ಮನಸ್ಸಿಗೆ ಹೋಗಬೇಕು. ಸುಮ್ಮನೆ ಕೂತಾಗಲೂ ರಕ್ತದಲ್ಲಿ ಲೀಟರಿಗೆ 1 ಮಿಲಿಮೋಲ್ ಆಸುಪಾಸು ಲ್ಯಾಕ್ಟೇಟ್ ಇರುತ್ತೆ, ಒಳ್ಳೇ 400 ಓಟಗಾರರಿಗೆ ರೇಸ್ ಆದ ಕೆಲವು ನಿಮಿಷಕ್ಕೆ 15, 20ಕ್ಕೂ ಹೋಗುತ್ತೆ. ಅದನ್ನ ಹಾರ್ಟ್ ತಿನ್ನುತ್ತೆ, ಮೆದುಳು ತಿನ್ನುತ್ತೆ, ಪಕ್ಕದ ನಿಧಾನ ಎಳೆಯೋ ಮಸಲ್ ಎಳೆಗಳು ತಿನ್ನುತ್ತವೆ, ಉಳಿದದ್ದರಲ್ಲಿ ಒಂದಿಷ್ಟನ್ನ ಲಿವರ್ ಮತ್ತೆ ಗ್ಲುಕೋಸ್ ಮಾಡಿ ಕಳಿಸುತ್ತೆ (ಈ ಸುತ್ತನ್ನ ಬಿಡಿಸಿದ ಗರ್ಟಿ ಕೋರಿ ಮತ್ತೆ ಅವರ ಗಂಡ ಕಾರ್ಲ್ ಕೋರಿ ಇಬ್ಬರಿಗೂ 1947ರಲ್ಲಿ ನೊಬೆಲ್ ಬಂತು). ಅಮೆರಿಕದ ಬರ್ಕ್ಲಿ ಯೂನಿವರ್ಸಿಟಿಯ ಜಾರ್ಜ್ ಬ್ರೂಕ್ಸ್ ಅನ್ನೋರು 1980ರ ದಶಕದಿಂದ ಇದನ್ನೇ ಹೇಳ್ಕೊಂಡು ಬಂದಿದಾರೆ, ಲ್ಯಾಕ್ಟೇಟ್ ಅಂದ್ರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸೋ ಇಂಧನ ಅಂತ.

ಮಾರನೇ ದಿನದ ನೋವಿಗೂ ಇದಕ್ಕೂ ಸಂಬಂಧ ಇಲ್ಲವೇ ಇಲ್ಲ. ಓಟ ಆಗಿ ಸುಮಾರು ಒಂದು ಗಂಟೆ ಒಳಗೆ ರಕ್ತದ ಲ್ಯಾಕ್ಟೇಟ್ ಮೊದಲಿನ ಮಟ್ಟಕ್ಕೆ ಬಂದಿರುತ್ತೆ, ತಿಕ್ಕಿ ಹೊರಗೆ ಹಾಕಕ್ಕೆ ಮಾರನೇ ದಿನ ಅಲ್ಲಿ ಏನೂ ಉಳಿದಿರಲ್ಲ. ನೀನೇ ಪರೀಕ್ಷೆ ಮಾಡಬಹುದು, ಹೇಗೂ ಶ್ರವಣಬೆಳಗೊಳ ನಿಮ್ಮ ಜಿಲ್ಲೇಲೇ ಇದೆ. ವಿಂಧ್ಯಗಿರಿ ಹತ್ತುವಾಗ ಏದುಸಿರು, ತೊಡೆ ಉರಿ, ಲ್ಯಾಕ್ಟೇಟ್ ಏರೋದು ಆಗಲೇ. ಇಳಿಯುವಾಗ ಹಾಯಾಗಿರುತ್ತೆ, ಉಸಿರೂ ಏರಲ್ಲ. ಆದ್ರೆ ಮಾರನೇ ದಿನ ತೊಡೆ ಹಿಡ್ಕೊಂಡು ಬಸ್ ಹತ್ತಕ್ಕೂ ಕಷ್ಟ ಆಗುತ್ತಲ್ಲ, ಅದು ಮುಖ್ಯವಾಗಿ ಇಳಿದದ್ದರ ನೋವು. ಮಸಲ್ ಉದ್ದ ಆಗ್ತಾ ಆಗ್ತಾ ಭಾರ ತಡೆಯೋವಾಗ ಎಳೆಗಳಲ್ಲಿ ಸಣ್ಣಸಣ್ಣ ಬಿರುಕು ಬಿಡುತ್ತೆ, ಅದನ್ನ ರಿಪೇರಿ ಮಾಡೋವಾಗ ಬರೋ ಊತ, ನೋವು ಒಂದರಿಂದ ಮೂರು ದಿನ ಇರುತ್ತೆ. ಮೆಲ್ಲಗೆ ಎಣ್ಣೆ ಹಚ್ಚಿಸ್ಕೊಂಡ್ರೆ ಹಾಯೆನಿಸುತ್ತೆ, ಬೇಡ ಅನ್ನಲ್ಲ, ಆದ್ರೆ ಸೀನಿಯರ್ ಹುಡುಗೀರು ಕಾಲಲ್ಲಿ ತುಳಿಯೋದು, ಲಟ್ಟಣಿಗೆ ಇಟ್ಟು ಜಜ್ಜೋದು ದಯವಿಟ್ಟು ಬೇಡ. ಗಾಯ ಆಗಿರೋ ಮಸಲ್‌ಗೆ ಇನ್ನೊಂದು ಗಾಯ ಅದು.

ಈಗ ನಾನು ಮುಖ್ಯವಾಗಿ ಹೇಳಬೇಕಿರೋ ಮಾತು. 400 ಅನ್ನ ಎಲ್ಲರೂ ಅನೇರೋಬಿಕ್ ಓಟ ಅಂತಾರೆ, ನಮಗೂ ಹಾಗೇ ಹೇಳಿಕೊಟ್ಟಿದ್ರು. ಆದ್ರೆ ಟ್ರೇನಿಂಗ್ ಆದ ಓಟಗಾರರನ್ನ ಅಳೆದು ನೋಡಿದಾಗ ಇಡೀ 400ರಲ್ಲಿ ಆಕ್ಸಿಜನ್‌ನಿಂದ ಬಂದ ಎನರ್ಜಿ 40 ಪರ್ಸೆಂಟಿಗೂ ಜಾಸ್ತಿ ಇತ್ತು, 200ರಲ್ಲಿ 30ರ ಹತ್ತಿರ, 800ರಲ್ಲಿ ಮೂರನೇ ಎರಡು ಭಾಗ. ಅದಕ್ಕಿಂತ ಮುಖ್ಯವಾದ ವಿಷಯ, 15ರಿಂದ 30 ಸೆಕೆಂಡಿನ ನಡುವೆ ಎಲ್ಲೋ ತಕ್ಕಡಿ ತಿರುಗಿ, ಅಲ್ಲಿಂದ ಮುಂದೆ ಪ್ರತಿ ಸೆಕೆಂಡಿಗೂ ಆಕ್ಸಿಜನ್ ಪಾಲೇ ದೊಡ್ಡದಾಗಿತ್ತು. ನಿನ್ನ ಲೆಕ್ಕಕ್ಕೆ ತಗೊಂಡ್ರೆ ನೀನು 28 ಸೆಕೆಂಡಿಗೆ 200 ದಾಟ್ತೀಯ, ಅಂದ್ರೆ ಎರಡನೇ 200 ಪೂರ್ತಿ ನಿನ್ನ ಕಾಲು ನಡೆಯೋದು ಹೆಚ್ಚಾಗಿ ಆಕ್ಸಿಜನ್ ಮೇಲೆ. ಕೊನೇ 100ರಲ್ಲಿ ಕಾಲು ಕಲ್ಲಾಗೋದು ಅಂದ್ರೆ ಕಾಯದೇ ಕೊಡೋ ಎರಡೂ ದಾರಿಗಳ ಕೈ ಕಟ್ಟಿಹೋಗಿ, ಆಕ್ಸಿಜನ್ ಎಷ್ಟು ತಂದ್ಕೊಡುತ್ತೋ ಅಷ್ಟೇ ಸ್ಪೀಡಲ್ಲಿ ಓಡಬೇಕಾದ ಪರಿಸ್ಥಿತಿ. ಆ ದಾರಿಯನ್ನ ಅಗಲ ಮಾಡ್ಕೊಂಡಿರೋರು ಅಲ್ಲಿ ಕಮ್ಮಿ ನಿಧಾನ ಆಗ್ತಾರೆ. ಟೀವೀಲಿ ಕೊನೇ ಸ್ಟ್ರೇಟ್‌ನಲ್ಲಿ ಯಾರೋ ಹಿಂದಿನಿಂದ ಬಂದು ಎಲ್ಲರನ್ನೂ ದಾಟಿದಾಗ ಅವರು ಸ್ಪೀಡ್ ಏರಿಸಿದ್ರು ಅನ್ಸುತ್ತೆ, ಅಲ್ಲ, ಎಲ್ಲರೂ ನಿಧಾನ ಆಗ್ತಿರ್ತಾರೆ, ಇವರು ಕಮ್ಮಿ ನಿಧಾನ ಆಗ್ತಿರ್ತಾರೆ ಅಷ್ಟೇ. ರಿಯೋ ಒಲಿಂಪಿಕ್ಸ್‌ನಲ್ಲಿ 400 ಮೀಟರ್‌ನಲ್ಲಿ 43.03ರ ವಿಶ್ವದಾಖಲೆ ಮಾಡಿದ ದಕ್ಷಿಣ ಆಫ್ರಿಕಾದ ವಾನ್ ನೀಕರ್ಕ್ ಕೂಡ ಎರಡನೇ 200 ಅನ್ನ ಮೊದಲನೇದಕ್ಕಿಂತ ನಿಧಾನವಾಗೇ ಓಡಿದ್ದು.

ಹಾಗಾಗಿ ಬೆಳಿಗ್ಗೆ ಓಡಿದ್ರೆ ಸ್ಪೀಡ್ ಹೋಗುತ್ತೆ ಅನ್ನೋ ಮಾತು ಅರ್ಧ ಸತ್ಯ. ದಿನಾ ಒಂದೂವರೆ ಗಂಟೆ ಮ್ಯಾರಥಾನ್ ಥರ ಓಡಿ ದಣಿದು ಸ್ಪ್ರಿಂಟನ್ನೇ ಬಿಟ್ರೆ ಹೋಗುತ್ತೆ. ವಾರಕ್ಕೆ ಎರಡು ದಿನ 25, 30 ನಿಮಿಷ, ಪಕ್ಕದವಳ ಜೊತೆ ಮಾತಾಡ್ಕೊಂಡು ಓಡೋ ಅಷ್ಟು ನಿಧಾನಕ್ಕೆ ಓಡಿದ್ರೆ ಹೋಗಲ್ಲ. ಮೈಟೋಕಾಂಡ್ರಿಯಾ, ಮಸಲ್ ಸುತ್ತ ಸಣ್ಣ ರಕ್ತನಾಳ ಎಲ್ಲಾ ಹೆಚ್ಚಾಗುತ್ತೆ, ಗೇಟ್ ಹತ್ರ ಗಾಡಿ ನಿಲ್ಲೋದು ಕಮ್ಮಿ ಆಗುತ್ತೆ, ಒಂದು ಓಟ ಆಗಿ ಇನ್ನೊಂದಕ್ಕೆ ಫಾಸ್ಫೋಕ್ರಿಯಾಟಿನ್ ಬೇಗ ತುಂಬ್ಕೊಳ್ಳುತ್ತೆ, ಮೇಲೆ ಹೇಳಿದೆನಲ್ಲ ಅದಕ್ಕೆ ಆಕ್ಸಿಜನ್ ಬೇಕು ಅಂತ, ಹೀಟ್ಸ್ ಆಗಿ ಅದೇ ದಿನ ಫೈನಲ್ ಇರೋ ನಿಮ್ಮಂಥ ಮೀಟ್‌ಗಳಲ್ಲಿ ಇದು ದೊಡ್ಡ ಲಾಭ. ಮಿಕ್ಕ ದಿನಗಳಲ್ಲಿ ಒಂದು ದಿನ 30ರಿಂದ 60 ಮೀಟರ್ ಸ್ಪ್ರಿಂಟ್, ಪ್ರತಿಯೊಂದಕ್ಕೂ ನಡುವೆ ಮೂರು ನಿಮಿಷಕ್ಕೆ ಕಮ್ಮಿ ಇಲ್ಲದ ಹಾಗೆ ರೆಸ್ಟ್. ನಮ್ಮ ಗ್ರೌಂಡುಗಳಲ್ಲಿ ಮಕ್ಕಳು ಒಂದು ಓಡಿ ನಡ್ಕೊಂಡು ಬಂದ ತಕ್ಷಣ ಇನ್ನೊಂದು ಓಡಿಸ್ತಾರೆ, ಅದು ಸ್ಪೀಡ್ ಟ್ರೇನಿಂಗ್ ಆಗಲ್ಲ, ಬಕೆಟ್ ತುಂಬೋ ಮುಂಚೆ ಚೊಂಬು ಅದ್ದಿದ ಹಾಗೆ. ಇನ್ನೊಂದು ದಿನ 200 ಅಥವಾ 300ರ ಎರಡು ಮೂರು ಗಟ್ಟಿ ಓಟ, ನಡುವೆ ಎಂಟು ಹತ್ತು ನಿಮಿಷ ರೆಸ್ಟ್. ಈ ಕಲ್ಲಾಗೋ ಥರದ ಓಟ ವಾರಕ್ಕೆ ಒಂದು, ಜಾಸ್ತಿ ಅಂದ್ರೆ ಎರಡು ಸಾಕು, ನಡುವೆ ಎರಡು ದಿನ ಅಂತರ ಇರಲಿ. ವಾಂತಿ ಬರೋ ತನಕ ದಿನಾ ಓಡಿಸಿದ್ರೆ ಆಸಿಡ್ ತಡ್ಕೊಳ್ಳೋದು ಕಲೀತಾರೆ ಅನ್ನೋ ಪದ್ಧತೀಲೇ ನಾನು ಬೆಳೆದಿದ್ದು, ಒಂದು ಸೀಸನ್ ಪೂರ್ತಿ ಮೀನಖಂಡದ ಗಾಯದಲ್ಲೇ ಕಳೀತು, ನಿನಗೆ ಅದು ಬೇಡ.

ಆಕ್ಸಿಜನ್ ಬಗ್ಗೆ ಇಷ್ಟೆಲ್ಲಾ ಹೇಳಿ ಇದನ್ನ ಹೇಳದೇ ಬಿಟ್ರೆ ತಪ್ಪಾಗುತ್ತೆ, ನಿನ್ನ ಹಿಮೋಗ್ಲೋಬಿನ್ ಚೆಕ್ ಮಾಡಿಸಿದೀಯಾ? ಆಕ್ಸಿಜನ್ ಹೊರೋದು ಅದೇ, ಅದಕ್ಕೆ ಐರನ್ ಬೇಕು, ತಿಂಗಳು ತಿಂಗಳು ಮುಟ್ಟಲ್ಲಿ ಐರನ್ ಹೋಗ್ತಿರೋ ಹುಡುಗಿಯರಿಗೆ, ಅದರಲ್ಲೂ ಓಡೋರಿಗೆ ಇದು ಕಮ್ಮಿ ಆಗೋದು ತುಂಬಾ ಸಾಮಾನ್ಯ. 12ಕ್ಕಿಂತ ಕೆಳಗಿದ್ರೆ ಯಾವ ಟ್ರೇನಿಂಗೂ ಆ ಕೊರತೆ ತುಂಬಲ್ಲ, ಡಾಕ್ಟರ್ ಹತ್ರ ಹೋಗಿ ಮಾತ್ರೆ ತಗೋಬೇಕಾಗುತ್ತೆ. ಸರ್ಕಾರಿ ಆಸ್ಪತ್ರೇಲೂ ಈ ಟೆಸ್ಟ್ ಮಾಡ್ತಾರೆ, ಇದೇ ವಾರ ಹೋಗು. ಸೊಪ್ಪು, ಹುರುಳಿ, ರಾಗಿ ತಿಂದು ಜೊತೆಗೆ ನಿಂಬೆಹುಳಿ ಹಿಂಡ್ಕೋ, ಊಟದ ಜೊತೆಗೇ ಟೀ ಕುಡೀಬೇಡ, ಐರನ್ ಸೇರಲ್ಲ. ಮತ್ತೆ ಓಡೋವಾಗ ಎದೆನೋವು ಬಂದ್ರೆ, ತಲೆಸುತ್ತಿ ಬಿದ್ರೆ ಅದನ್ನ ಸುಸ್ತು ಅಂತ ತಳ್ಳಿಹಾಕ್ಬೇಡ, ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸು.

ಕ್ರಿಯಾಟಿನ್ ವಿಷಯ ಚಿಕ್ಕದಾಗಿ ಹೇಳ್ತೀನಿ. ಅದು ಸ್ಟೀರಾಯ್ಡ್ ಅಲ್ಲ, ನಿಷೇಧವೂ ಇಲ್ಲ, ದೊಡ್ಡವರಲ್ಲಿ ಮಸಲ್‌ನ ಕ್ರಿಯಾಟಿನ್ ಸ್ಟಾಕ್ ಏರಿಸುತ್ತೆ ಅನ್ನೋದು ನಿಜ, ಅದು ಮೀನು ಮಾಂಸದಲ್ಲೂ ಇರುತ್ತೆ, ನಮ್ಮ ದೇಹವೂ ಮಾಡ್ಕೊಳ್ಳುತ್ತೆ. ಆದ್ರೆ ಅದರಿಂದ ಬರೋ ತೂಕ 400 ಓಡೋರಿಗೆ ಅನುಕೂಲ ಅಂತ ಹೇಳಕ್ಕಾಗಲ್ಲ, ಅದಕ್ಕಿಂತ ಭಯ ಏನಂದ್ರೆ ಡಬ್ಬೀಲಿ ಬರೆದಿರೋದೇ ಒಳಗಿರುತ್ತೆ ಅಂತ ಗ್ಯಾರಂಟಿ ಇಲ್ಲ, ಬೇರೆ ಏನಾದ್ರೂ ಬೆರೆತಿದ್ರೆ ಡೋಪ್ ಟೆಸ್ಟಲ್ಲಿ ಸಿಕ್ಕಾಕ್ಕೊಳ್ಳೋದು ನೀನು, ಡಬ್ಬಿ ಮಾರಿದವರಲ್ಲ. ನಿನ್ನ ವಯಸ್ಸಿಗೆ ಬೇಡ. ಗ್ಲುಕೋಸ್ ಪುಡಿ ನೆಕ್ಕೋದೂ ಅಷ್ಟೇ, ನೀನು ಕೇಳಿಲ್ಲ ಆದ್ರೆ ಸ್ಟಾರ್ಟಿಂಗ್ ಲೈನ್ ಹತ್ರ ಎಲ್ಲಾ ಮಕ್ಕಳ ಕೈಲೂ ನೋಡ್ತೀನಿ ಅದಕ್ಕೆ ಹೇಳ್ತಿದೀನಿ, ಒಂದು ನಿಮಿಷದ ಓಟಕ್ಕೆ ಬೇಕಾದ ಗ್ಲೈಕೋಜನ್ ಹಿಂದಿನ ದಿನ ತಿಂದ ಊಟದಿಂದ ಮಸಲ್‌ನಲ್ಲಿ ಆಗಲೇ ಕೂತಿರುತ್ತೆ, ಅದು ಖಾಲಿಯೂ ಆಗಲ್ಲ.

ಇನ್ನು ಮೂರು ವಾರ. ಮೈಟೋಕಾಂಡ್ರಿಯಾ ಕಟ್ಟೋದು ಮೂರು ವಾರದ ಕೆಲಸ ಅಲ್ಲ, ಅದನ್ನ ಮೀಟ್ ಮುಗಿದ ಮೇಲೆ ಮುಂದಿನ ವರ್ಷಕ್ಕೆ ಅಂತ ಶುರು ಮಾಡು. ಈಗ ಕೈಯಲ್ಲಿರೋದು ಒಂದೇ, ಖರ್ಚು ಮಾಡೋ ರೀತಿ. 200 ಬೆಸ್ಟ್ 27.5 ಇರೋಳು 400ರ ಮೊದಲ 200 ಅನ್ನ 28ಕ್ಕೆ ಓಡ್ತಿದೀಯ, ನಿನ್ನ ಬೆಸ್ಟ್‌ಗಿಂತ ಬರೀ ಅರ್ಧ ಸೆಕೆಂಡ್ ನಿಧಾನ. ಎರಡನೇ 200ಕ್ಕೆ 34 ತಗೋತಿದೀಯ, ಆರು ಸೆಕೆಂಡ್ ವ್ಯತ್ಯಾಸ, ಇದು ತುಂಬಾ ಜಾಸ್ತಿ. ಮೊದಲ 200 ಅನ್ನ 29ರ ಹತ್ತಿರ ತಗೊಂಡು ಹೋಗು. ಮೊದಲ 50 ಮೀಟರ್ ಮಾತ್ರ ಪೂರ್ತಿ ಜೋರು, ಫಾಸ್ಫೋಕ್ರಿಯಾಟಿನ್ ಹೇಗೂ ಅದಕ್ಕೇ ಇರೋದು, ಆಮೇಲೆ ಬ್ಯಾಕ್ ಸ್ಟ್ರೇಟ್‌ನಲ್ಲಿ ಭುಜ, ದವಡೆ ಸಡಿಲ ಬಿಟ್ಟು ಅದೇ ವೇಗದಲ್ಲಿ ತೇಲ್ಕೊಂಡು ಹೋಗು, 200 ದಾಟಿದ ಮೇಲೆ ಕರ್ವಲ್ಲಿ ಕೈ ಬೀಸೋದನ್ನ ಜೋರು ಮಾಡು. ಒಂದು ಸೆಕೆಂಡ್ ಬಿಟ್ಕೊಟ್ಟ ಹಾಗೆ ಅನ್ಸುತ್ತೆ, ಪಕ್ಕದ ಲೇನಿನವಳು ಮುಂದೆ ಹೋಗಿರ್ತಾಳೆ, ಭಯ ಆಗುತ್ತೆ, ಆದ್ರೂ ಹೋಗಲಿ ಬಿಡು. ಎರಡನೇ ಭಾಗ 32ಕ್ಕೆ ಬಂದ್ರೆ 61 ಆಯ್ತು, 31.5ಕ್ಕೆ ಬಂದ್ರೆ 60.5. ಇದನ್ನ ಪ್ರಾಕ್ಟೀಸಲ್ಲೇ ಕಲೀಬೇಕು, ಈ ಎರಡು ವಾರದಲ್ಲಿ ವಾರಕ್ಕೊಂದು ಸಲ 300 ಓಡು, ಪಿಟಿ ಸರ್‌ಗೆ ಹೇಳಿ 200 ಹತ್ರ ನಿಂತು ಜೋರಾಗಿ ಟೈಮ್ ಕೂಗಕ್ಕೆ ಹೇಳು, 29 ಅಂದ್ರೆ ಕಾಲಿಗೆ ಹೇಗನ್ಸುತ್ತೆ ಅಂತ ಗೊತ್ತಾಗಲಿ. ಕೊನೇ ವಾರ ಹಗುರ ಓಟ, ನಿದ್ದೆ. ಫಿನಿಶ್ ಆದ ಮೇಲೆ ಬಿದ್ದು ಮಲಗ್ಬೇಡ, ಹತ್ತು ನಿಮಿಷ ನಡೀತಾ ಇರು ಇಲ್ಲಾ ತುಂಬಾ ಮೆಲ್ಲಗೆ ಜಾಗ್ ಮಾಡು, ಲ್ಯಾಕ್ಟೇಟ್ ಬೇಗ ಖರ್ಚಾಗುತ್ತೆ, ಫೈನಲ್‌ಗೆ ಕಾಲು ತಯಾರಾಗುತ್ತೆ. ಎರಡೂ 200ರ ಟೈಮ್ ಬೇರೆಬೇರೆ ಬರೆದು ಕಳಿಸು, ನೋಡ್ತೀನಿ.